ಮೆತ್ತನೆಯ ಕುರ್ಚಿಯ ಬೆಲೆ

ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆಂದು ಕಳೆದ ವರ್ಷ ಜನವರಿಯಲ್ಲಿ ನಾವು ಕೋಲ್ಕತ್ತಕ್ಕೆ ಪ್ರಯಾಣ ಮಾಡಬೇಕಾಗಿ ಬಂದಿತು. ಬೆಳಗಾವಿಯಿಂದ ಹೊರಟು, ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ಐದು ಗಂಟೆ ಕಾಯಬೇಕು. ನಮ್ಮೊಡನೆ ನಮ್ಮ ಮನೆಯವರಲ್ಲದೆ ಎಪ್ಪತ್ತಾರು ವರ್ಷದ ಅತ್ತಿಗೆಯವರೂ ಇದ್ದರು. ಅವರಿಗೆ ಮೊಣಕಾಲು ನೋವು, ಮೇಲೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಎರಡು ತುತ್ತು, ಹತ್ತಿರದಲ್ಲಿ ಶೌಚಾಲಯ, ಬೆನ್ನು ಒರಗಿಸಲು ಒಂದು ಕುರ್ಚಿ, ಇಷ್ಟು ದೊರೆತರೆ ಅವರು ಎಷ್ಟು ದೂರವಾದರೂ ಬಂದಾರು. ನಮ್ಮ ಮಗನಿಗೆ ಇದು ತಿಳಿದಿದ್ದುದರಿಂದಲೇ ಆತನು ತನ್ನ ಕ್ರೆಡಿಟ್ ಕಾರ್ಡಿಗೆ ಜೋಡಿಯಾಗಿ ನಮ್ಮ ಹೆಸರಿನಲ್ಲಿ ಇನ್ನೊಂದು ಕಾರ್ಡನ್ನು ಮಾಡಿಸಿ, ಒಂದು ತಿಂಗಳು ಮುಂಚಿತವಾಗಿಯೇ ಕಳುಹಿಸಿಕೊಟ್ಟಿದ್ದನು. ಕಾರ್ಡಿನ ಮೇಲೆ ಒಂದು ವಿಮಾನದ ಚಿತ್ರ, ದೊಡ್ಡ ಅಕ್ಷರಗಳಲ್ಲಿ ವಿಮಾನ ಸಂಸ್ಥೆಯ ಹೆಸರು, ಮೂಲೆಯಲ್ಲಿ ಬ್ಯಾಂಕಿನ ಹೆಸರು. "ಇದನ್ನ ತೋರಿಸಿದ್ರ ಲಾಂಜಿನೊಳಗ ಬಿಡತಾರ ಅಪ್ಪಾಜಿ, ದೊಡ್ಡವ್ವಗ ತ್ರಾಸ ಆಗೂದಿಲ್ಲ" ಎಂದು ಫೋನಿನಲ್ಲಿ ಹೇಳಿದ್ದನು.

ಲಾಂಜ್ ಎಂದರೆ ವಿಮಾನ ನಿಲ್ದಾಣದೊಳಗಿನ ವಿಶ್ರಾಂತಿ ಕೊಠಡಿ. ಮೆತ್ತನೆಯ ಆಸನ, ಬಿಸಿಯೂಟ, ಕಾಫಿ, ಪತ್ರಿಕೆ, ಶುಚಿಯಾದ ಶೌಚಾಲಯ ಎಲ್ಲವೂ ಅಲ್ಲಿರುತ್ತವೆ. ಬಾಗಿಲಲ್ಲಿ ನಮಗಿಂತ ಮುಂದೆ ಇಪ್ಪತ್ತು ಜನರ ಸಾಲಿತ್ತು. ಅರ್ಧ ಗಂಟೆ ನಿಂತು ನಮ್ಮ ಸರದಿ ಬಂದಾಗ, ಮೇಜಿನ ಹಿಂದಿದ್ದ ಹುಡುಗಿ ಕಾರ್ಡನ್ನು ಯಂತ್ರಕ್ಕೆ ಎರಡು ಬಾರಿ ಉಜ್ಜಿ ನೋಡಿ ತಲೆಯಾಡಿಸಿದಳು. "ತಗೊಳ್ತಾ ಇಲ್ಲ ಸರ್. ಹಿಂದಿನ ಮೂರು ತಿಂಗಳಲ್ಲಿ ಖರ್ಚು ಕಡಿಮೆಯಾಗಿರಬೇಕು. ತಗೊಂಡರೂ ಒಂದು ಕಾರ್ಡಿಗೆ ಒಬ್ಬರೇ." ಆಕೆಯ ಮಾತಿನಲ್ಲಿ ಒರಟುತನವಿರಲಿಲ್ಲ. ಆದರೆ ಹಿಂದಿದ್ದವರೆಲ್ಲ ನಮ್ಮನ್ನು ನೋಡುತ್ತಿದ್ದರು. ಅರವತ್ತೆಂಟರ ವಯಸ್ಸಿನಲ್ಲಿ, ಊಟದ ಬಾಗಿಲಿನಿಂದ ಹಿಂದಿರುಗುವಾಗ ಕಾಲುಗಳು ಎಷ್ಟು ಭಾರವಾಗುತ್ತವೆಂಬುದನ್ನು ನಾವು ಅಂದು ಅರಿತೆವು. ಅತ್ತಿಗೆಯವರೇ ಮೊದಲು ಚೇತರಿಸಿಕೊಂಡು, "ನಡೀರಿ, ನಮ್ಮ ಬುತ್ತಿ ನಮ್ಮ ಹತ್ರ ಐತೆಲ್ಲಾ" ಎಂದರು.

ಈ ಲಾಂಜಿನ ವ್ಯವಸ್ಥೆ ಹುಟ್ಟಿದ ಬಗೆಯನ್ನು ತಿಳಿದುಕೊಂಡ ಮೇಲೆ ನಮಗಾದ ಮುಖಭಂಗದ ಕಾರಣವೂ ಸ್ಪಷ್ಟವಾಯಿತು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ಎಂಬ ಕೊಠಡಿಯನ್ನು ತೆರೆಯಿತು. ತನ್ನ ವಿಮಾನಗಳನ್ನು ಅದು ಹಡಗುಗಳಿಗೆ ಸಲ್ಲುವ ಫ್ಲ್ಯಾಗ್‌ಶಿಪ್ ಎಂಬ ಹೆಸರಿನಿಂದ ಕರೆಯುತ್ತಿತ್ತು; ಆದುದರಿಂದ ಅದರ ಗಣ್ಯ ಪ್ರಯಾಣಿಕರೆಲ್ಲರೂ ನೌಕಾಧಿಪತಿಗಳು! ಆಗ ಅಲ್ಲಿಗೆ ಕಾರ್ಡು ಬೇಕಿರಲಿಲ್ಲ. ಸಂಸ್ಥೆ ತಾನಾಗಿ ಆರಿಸಿ ಕರೆದವರಿಗೆ ಮಾತ್ರ ಪ್ರವೇಶ. ಕಾಲಕ್ರಮದಲ್ಲಿ ಚಂದಾ ಕೊಟ್ಟವರಿಗೂ ಬಾಗಿಲು ತೆರೆಯಿತು. 1981ರಲ್ಲಿ ಅದೇ ಸಂಸ್ಥೆಯು, ಹಾರಿದ ದೂರಕ್ಕೆ ತಕ್ಕಂತೆ ಪ್ರಯಾಣಿಕರ ಖಾತೆಗೆ 'ಮೈಲಿ'ಗಳನ್ನು ಜಮಾ ಮಾಡುವ ಯೋಜನೆಯನ್ನು ಆರಂಭಿಸಿತು. 1987ರಲ್ಲಿ ಸಿಟಿಬ್ಯಾಂಕಿನೊಡನೆ ಸೇರಿ ತನ್ನ ಹೆಸರಿನ ಕ್ರೆಡಿಟ್ ಕಾರ್ಡನ್ನೂ ಹೊರತಂದಿತು. ಅಲ್ಲಿಂದ ಮುಂದೆ ವಿಮಾನ ಹತ್ತದೆಯೇ ಮೈಲಿ ಗಳಿಸಬಹುದಾಯಿತು. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಕೊಂಡವನೂ ಕೊಂಚ ಹಾರಿದಂತೆಯೇ.

ಇದರಲ್ಲಿ ಯಾರಿಗೆ ಏನು ಲಾಭವೆಂಬುದನ್ನು ಸಂಸಾರವಂದಿಗರು ಅರಿತಿರಬೇಕು. ಬ್ಯಾಂಕು ವಿಮಾನ ಸಂಸ್ಥೆಯಿಂದ ಮೈಲಿಗಳನ್ನು ಸಗಟಾಗಿ ಹಣ ಕೊಟ್ಟು ಕೊಂಡುಕೊಳ್ಳುತ್ತದೆ. ಕಾರ್ಡುದಾರನಿಗೆ ಚಿಲ್ಲರೆಯಾಗಿ ಹಂಚುತ್ತದೆ. ಆ ಹಣವನ್ನು ಅದು ಅಂಗಡಿಯವನು ತೆರುವ ಶುಲ್ಕದಿಂದ, ಕಾರ್ಡಿನ ವಾರ್ಷಿಕ ಶುಲ್ಕದಿಂದ, ಎಲ್ಲಕ್ಕಿಂತ ಮಿಗಿಲಾಗಿ ಬಾಕಿ ಉಳಿಸಿಕೊಂಡವರ ಬಡ್ಡಿಯಿಂದ ತುಂಬಿಕೊಳ್ಳುತ್ತದೆ. ಇದೇನೂ ಸಣ್ಣ ವ್ಯಾಪಾರವಲ್ಲ. ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆಗೆ 2024ರ ಒಂದೇ ವರ್ಷದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿಯಿಂದ ಸಂದ ಹಣ ಸುಮಾರು 740 ಕೋಟಿ ಡಾಲರ್. ರೆಕ್ಕೆಯಿಂದ ಗಳಿಸುವುದರ ಜೊತೆಗೆ ಕಾರ್ಡಿನಿಂದಲೂ ಗಳಿಸುವುದನ್ನು ವಿಮಾನ ಸಂಸ್ಥೆಗಳು ಚೆನ್ನಾಗಿಯೇ ಕಲಿತಿವೆ. ಇಷ್ಟೊಂದು ಕಾರ್ಡುಗಳನ್ನು ಮಾರಬೇಕಾದರೆ ಜನರಿಗೆ ಕಣ್ಣಿಗೆ ಕಾಣುವ ಒಂದು ಆಸೆ ಬೇಕು. ಲಾಂಜಿನ ಮೆತ್ತನೆಯ ಕುರ್ಚಿಯೇ ಆ ಆಸೆ.

ಆದರೆ ಕುರ್ಚಿಗಳು ಎಣಿಕೆಯವು, ಕಾರ್ಡುಗಳಿಗೆ ಎಣಿಕೆಯಿಲ್ಲ. ಡೆಲ್ಟಾದ ಲಾಂಜುಗಳ ಬಾಗಿಲಲ್ಲಿ ಸಾಲು ಬೆಳೆದು, 2022ರ ಜೂನ್‌ನಲ್ಲಿ ವಿಮಾನ ಹೊರಡುವ ಮೂರು ಗಂಟೆಗಿಂತ ಮುಂಚೆ ಬಂದವರನ್ನು ಒಳಗೆ ಬಿಡಕೂಡದೆಂಬ ಕಟ್ಟಳೆ ಬಂದಿತು. 2023ರ ಸೆಪ್ಟೆಂಬರಿನಲ್ಲಿ, ತನ್ನ ಅತ್ಯುಚ್ಚ ದರ್ಜೆಯ ರಿಸರ್ವ್ ಕಾರ್ಡುದಾರರಿಗೂ ವರ್ಷಕ್ಕೆ ಹತ್ತೇ ಭೇಟಿಯೆಂದು ಸಂಸ್ಥೆ ಸಾರಿತು. ಗ್ರಾಹಕರ ಕೋಪ ಎಷ್ಟಿತ್ತೆಂದರೆ ಸಂಸ್ಥೆಯ ಮುಖ್ಯಸ್ಥ ಎಡ್ ಬಾಸ್ಟಿಯನ್ ತಾವು ಅತಿಯಾಗಿ ನಡೆದುಕೊಂಡೆವೆಂದು ಬಹಿರಂಗವಾಗಿ ಒಪ್ಪಿಕೊಂಡು, ಮರುತಿಂಗಳು ಹತ್ತನ್ನು ಹದಿನೈದಕ್ಕೆ ಏರಿಸಿದರು. 2025ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂದಿತು. ಮಿತಿಯಿಲ್ಲದೆ ಹೋಗಬೇಕೆಂಬವರು ವರ್ಷಕ್ಕೆ 75,000 ಡಾಲರ್, ಎಂದರೆ ನಮ್ಮ 60 ಲಕ್ಷ ರೂಪಾಯಿಗೂ ಮಿಗಿಲಾದ ಮೊತ್ತವನ್ನು, ಆ ಕಾರ್ಡಿನಲ್ಲಿ ಖರ್ಚು ಮಾಡಬೇಕು. ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗುವ ನಮ್ಮ ಓದುಗರು ಇದನ್ನು ಗಮನಿಸಬೇಕು: ಮಗನ ಬಳಿ ಆ ಕಾರ್ಡಿದ್ದ ಮಾತ್ರಕ್ಕೆ ತಂದೆತಾಯಿಗಳು ಒಂಟಿಯಾಗಿ ಹೋಗಿ ಆತನ ಹೆಸರು ಹೇಳಿದರೆ ಬಾಗಿಲು ತೆರೆಯದು.

ನಮ್ಮ ದೇಶದಲ್ಲಿ ಈ ವ್ಯವಹಾರ ಇನ್ನಷ್ಟು ಸುತ್ತುಬಳಸಿನದು. ಇಲ್ಲಿ ಬಹುತೇಕ ಲಾಂಜುಗಳು ವಿಮಾನ ಸಂಸ್ಥೆಯವಲ್ಲ. ಬೇರೆ ಕಂಪನಿಗಳು ಅವನ್ನು ನಡೆಸುತ್ತವೆ. ಕೆಲವು ಕಾರ್ಡುಗಳನ್ನು ಉಜ್ಜಿದಾಗ ಗ್ರಾಹಕನ ಖಾತೆಯಿಂದ ಹೋಗುವುದು ಕೇವಲ 2 ರೂಪಾಯಿ. ಉಳಿದ ಹಣವನ್ನು ಬ್ಯಾಂಕು ಪ್ರತಿಯೊಬ್ಬ ಅತಿಥಿಯ ಲೆಕ್ಕದಲ್ಲಿ ತೆರುತ್ತದೆ. ಎರಡು ರೂಪಾಯಿಗೆ ಊಟವೆಂಬ ಸುದ್ದಿ ಹಬ್ಬಿದ ಮೇಲೆ ಸಾಲು ಬೆಳೆಯದೆ ಇದ್ದೀತೇ? ಬ್ಯಾಂಕುಗಳು ಕೈ ಬಿಗಿಹಿಡಿದವು. ಎಚ್‌ಡಿಎಫ್‌ಸಿ ಬ್ಯಾಂಕಿನ ರೆಗಾಲಿಯಾ ಕಾರ್ಡಿಗೆ 2023ರ ಡಿಸೆಂಬರ್ 1ರಿಂದ ಮೂರು ತಿಂಗಳಲ್ಲಿ 1 ಲಕ್ಷ ರೂಪಾಯಿ ಖರ್ಚು ಮಾಡಿದವರಿಗಷ್ಟೇ ಲಾಂಜ್ ಎಂಬ ನಿಯಮ ಬಂದಿತು. ಐಸಿಐಸಿಐ ಬ್ಯಾಂಕಿನ ಹಲವು ಕಾರ್ಡುಗಳಿಗೆ 2024ರ ಏಪ್ರಿಲ್ 1ರಿಂದ 35,000 ರೂಪಾಯಿಯ ಮಿತಿ ಬಂದಿತು. ಇವು ವಿಮಾನ ಸಂಸ್ಥೆಯ ಹೆಸರಿಲ್ಲದ ಕಾರ್ಡುಗಳು, ನಿಜ. ಹೆಸರಿದ್ದ ಕಾರ್ಡುಗಳಿಗಾದರೋ ಇನ್ನೊಂದು ಅಪಾಯವಿದೆ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನೆಲಕಚ್ಚಿದಾಗ ಅದರ ಹೆಸರು ಹೊತ್ತ ಕಾರ್ಡುಗಳು ಸಾವಿರಾರು ಮನೆಗಳಲ್ಲಿದ್ದವು. 2024ರ ನವೆಂಬರ್ 12ರಂದು ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದಲ್ಲಿ ಲೀನವಾಯಿತು. ಆಕ್ಸಿಸ್ ಬ್ಯಾಂಕಿನ ವಿಸ್ತಾರಾ ಇನ್‌ಫಿನಿಟ್ ಕಾರ್ಡಿಗೆ ವರ್ಷಕ್ಕೆ 10,000 ರೂಪಾಯಿ, ತೆರಿಗೆ ಸೇರಿ 11,800, ಕೊಟ್ಟವರ ಕೈಯಲ್ಲಿ ಇಲ್ಲದ ವಿಮಾನದ ಚಿತ್ರ ಉಳಿಯಿತು. ಅದೇ ವರ್ಷ ಸೆಪ್ಟೆಂಬರ್ 22ರಂದು, ಬ್ಯಾಂಕಿಗೂ ಲಾಂಜಿಗೂ ನಡುವೆ ನಿಂತಿದ್ದ ಸೇವಾಸಂಸ್ಥೆಯೊಂದರ ವ್ಯವಸ್ಥೆ ಸ್ಥಗಿತಗೊಂಡು, ದೇಶದ ಅನೇಕ ನಿಲ್ದಾಣಗಳಲ್ಲಿ ಎಲ್ಲ ನಿಯಮ ಪಾಲಿಸಿದವರೂ ಹೊರಗೇ ನಿಲ್ಲಬೇಕಾಯಿತು. ವಿಮಾನ ಸಂಸ್ಥೆ, ಬ್ಯಾಂಕು, ದಳ್ಳಾಳಿ, ಲಾಂಜು ಎಂಬ ನಾಲ್ಕು ಕೈಗಳನ್ನು ದಾಟಿ ಬರುವ ಆತಿಥ್ಯವಿದು.

ಇಷ್ಟೇ ಆಗಿದ್ದರೆ ಈ ವಿಷಯವನ್ನು ನಾವು ಅಂಕಣಕ್ಕೆ ತರುತ್ತಿರಲಿಲ್ಲ. ಒಂದು ಹೊತ್ತಿನ ಊಟ ತಪ್ಪಿದರೆ ಮನೆ ಮುಳುಗದು.

ಕೋಲ್ಕತ್ತದಲ್ಲಿ ನಡೆದುದನ್ನು ನಮ್ಮ ಮನೆಯವರು ನಗುನಗುತ್ತಲೇ ಮಗನಿಗೆ ಹೇಳಿದರು. ಆತನು ನಗಲಿಲ್ಲ. ಸೊಸೆಯೂ ಸುಮ್ಮನಾದಳು. ನಾವು ಏಪ್ರಿಲ್‌ವರೆಗೆ ಅಲ್ಲಿಯೇ ಇರುವುದೆಂದು ಮೊದಲೇ ನಿಶ್ಚಯವಾಗಿತ್ತು. ಫೆಬ್ರವರಿಯಲ್ಲಿ ಮನೆಗೆ ಹೊಸ ಟಿ.ವಿ. ಬಂದಿತು, ಹಳೆಯದು ಚೆನ್ನಾಗಿಯೇ ಇತ್ತು. ಮಾರ್ಚಿಯಲ್ಲಿ ಸೊಸೆಗೊಂದು ಫೋನು, ಅತ್ತಿಗೆಯವರಿಗೊಂದು ರೇಷ್ಮೆ ಸೀರೆ. ಮಗನ ಸಂಬಳ ಚೆನ್ನಾಗಿದೆಯೆಂದು ನಾವು ಸಂತೋಷಪಟ್ಟೆವೇ ಹೊರತು ಕಾರಣ ಕೇಳಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಆತನು ಊಟದ ಮೇಜಿನ ಬಳಿ ಕಾರ್ಡಿನ ಲೆಕ್ಕದ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದನು. ನಮ್ಮ ಮರುಪ್ರಯಾಣದಲ್ಲಿ ಲಾಂಜಿನ ಬಾಗಿಲು ತೆರೆಯಬೇಕೆಂದು, ಮೂರು ತಿಂಗಳ ಮಿತಿಯನ್ನು ಮುಟ್ಟಲು ಆತನು ಮಾಡಿದ್ದ ಖರ್ಚು ಅದು. ಮನೆಯ ಸಾಲದ ಕಂತು ಕಟ್ಟಿದ ಮೇಲೆ ಪೂರ್ತಿ ಬಾಕಿ ತೀರಿಸಲು ಹಣ ಸಾಲದೆ, 'ಕನಿಷ್ಠ ಮೊತ್ತ'ವನ್ನಷ್ಟೇ ಕಟ್ಟಿ, 80,000 ರೂಪಾಯಿಯನ್ನು ಮುಂದಿನ ತಿಂಗಳಿಗೆ ತಳ್ಳಿದ್ದನು.

ಹಾಳೆಯಲ್ಲಿ ಬಡ್ಡಿಯ ದರವನ್ನು ಹುಡುಕಲು ನಮಗೆ ಕನ್ನಡಕದ ಜೊತೆಗೆ ದೀಪವೂ ಬೇಕಾಯಿತು. ತಿಂಗಳಿಗೆ ನೂರಕ್ಕೆ 3.75 ರೂಪಾಯಿ. ವರ್ಷಕ್ಕೆ 45. ನಮ್ಮ ಬಾಲ್ಯದಲ್ಲಿ ಊರಿನ ಬಡ್ಡಿ ವ್ಯವಹಾರದವರು ನೂರಕ್ಕೆ ಮೂರು ರೂಪಾಯಿಯ ಬಡ್ಡಿ ಕೇಳಿದರೆ ಹಿರಿಯರು ಅಂತಹವರ ಕಟ್ಟೆಯ ಮುಂದೆ ಹಾಯ್ದುಹೋಗಲೂ ಹಿಂಜರಿಯುತ್ತಿದ್ದರು. 80,000ಕ್ಕೆ ಒಂದು ತಿಂಗಳ ಬಡ್ಡಿ 3,000. ಬಡ್ಡಿಯ ಮೇಲೆ ನೂರಕ್ಕೆ 18ರಂತೆ ತೆರಿಗೆ 540. ಒಟ್ಟು 3,540 ರೂಪಾಯಿ. ಇದಲ್ಲದೆ, ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ಗಡುವು ದೊರೆಯುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕ್ರೆಡಿಟ್ ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ 30ನ್ನು ಮೀರಕೂಡದೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕೊಟ್ಟಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 20ರಂದು ರದ್ದುಪಡಿಸಿದೆ. ಆ ಆಸರೆಯೂ ಈಗಿಲ್ಲ.

ಮಗನನ್ನು ನಾವು ಗದರಿಸಲಿಲ್ಲ. ಹೇಗೆ ಗದರಿಸುವುದು? ಹಿರಿಯರಿಗೆ ಒಂದು ಕುರ್ಚಿ ಕೊಡಿಸಲು ಹೊರಟವನು ಆತ. ಆ ಪ್ರೀತಿಯನ್ನೇ ಮಿತಿಯ ಪಟ್ಟಿಯೊಳಗೆ ಹಾಕಿ ತೂಗಿದವರ ಜಾಣತನವನ್ನು ಕಂಡು ಮಾತ್ರ ನಮಗೆ ಭಯವಾಯಿತು. ಮರುದಿನವೇ ನಮ್ಮ ಉಳಿತಾಯ ಖಾತೆಯಿಂದ ಬಾಕಿ ತೀರಿಸಿದೆವು. ಆತನು ಬೇಡವೆಂದನು, ತಿಂಗಳಿಗೆ ಹತ್ತು ಸಾವಿರದಂತೆ ಹಿಂದಿರುಗಿಸುವೆನೆಂಬ ಒಪ್ಪಂದದ ಮೇಲೆ ಸುಮ್ಮನಾದನು.

ತಿಂಗಳಿಗೆ ಎರಡು ಮೂರು ಸಲ ಕೆಲಸದ ನಿಮಿತ್ತ ಹಾರುವವರಿಗೆ, ಪ್ರತಿ ಬಾರಿಯೂ ಪೂರ್ತಿ ಬಾಕಿ ತೀರಿಸುವವರಿಗೆ ಇಂತಹ ಕಾರ್ಡು ಲಾಭದಾಯಕವೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಅಂಥವರು ಮನೆಯ ಹಿರಿಯರಿಗೆ ಜೋಡಿ ಕಾರ್ಡು ಮಾಡಿಸುವ ಮುನ್ನ ಬ್ಯಾಂಕನ್ನು ಕೇಳಬೇಕಾದುದಿಷ್ಟು: ಜೋಡಿ ಕಾರ್ಡಿಗೆ ಲಾಂಜ್ ಸೌಲಭ್ಯವಿದೆಯೇ, ಜೊತೆಯವರಿಗೆ ಎಷ್ಟು ಶುಲ್ಕ, ಖರ್ಚಿನ ಮಿತಿ ಯಾವ ತಿಂಗಳುಗಳ ಲೆಕ್ಕ, ಲಾಂಜು ನಮ್ಮ ವಿಮಾನ ಹೊರಡುವ ಟರ್ಮಿನಲ್ಲಿನಲ್ಲಿಯೇ ಇದೆಯೇ. ವರ್ಷಕ್ಕೊಮ್ಮೆ ಮಕ್ಕಳ ಊರಿಗೆ ಹೋಗಿ ಬರುವ ನಮ್ಮಂಥವರಿಗೆ, ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿಯ ನೆರವನ್ನು ಕೇಳಿಕೊಳ್ಳುವುದು ಯಾವ ಕಾರ್ಡಿಗಿಂತಲೂ ಹೆಚ್ಚು ಉಪಯುಕ್ತ.

ಏಪ್ರಿಲ್‌ನಲ್ಲಿ ಹಿಂದಿರುಗುವಾಗ ಹಾಗೆಯೇ ಮಾಡಿದೆವು. ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದ ಹುಡುಗನು ಅತ್ತಿಗೆಯವರನ್ನು ಶೌಚಾಲಯದ ಸಮೀಪದಲ್ಲಿಯೇ ಒಳ್ಳೆಯ ಜಾಗ ನೋಡಿ ಕೂರಿಸಿದನು. ಸೊಸೆ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿಪುಡಿ ತಪಾಸಣೆಯನ್ನು ತಂಟೆಯಿಲ್ಲದೆ ದಾಟಿದ್ದವು. ಎದುರಿಗೆ ಲಾಂಜಿನ ಬಾಗಿಲು ಕಾಣುತ್ತಿತ್ತು. ಸಾಲು ಅಂದೂ ಉದ್ದವಾಗಿಯೇ ಇತ್ತು. ಲೆಕ್ಕದ ಪ್ರಕಾರ ಏಪ್ರಿಲ್‌ನಿಂದ ನಮಗೆ ಪ್ರವೇಶವಿತ್ತು, ಒಬ್ಬರಿಗೆ. "ನೀವರ ಹೋಗಿ ಬರ್ರಿ" ಎಂದು ಅತ್ತಿಗೆಯವರು ಎರಡು ಸಲ ಹೇಳಿದರು. ನಾವು ಏಳಲಿಲ್ಲ.

ಮೇ ತಿಂಗಳಿನಲ್ಲಿ ಮಗನು ಕಾರ್ಡನ್ನು ಮುಚ್ಚುವಂತೆ ಬ್ಯಾಂಕಿಗೆ ಬರೆದನು. ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂಪಾಯಿ ದಂಡ ತೆರಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮವನ್ನು ಪತ್ರದಲ್ಲಿ ಕಾಣಿಸೆಂದು ನಾವೇ ಹೇಳಿದ್ದೆವು. ಆರನೆಯ ದಿನ ಮುಚ್ಚಿದ ಸಂದೇಶ ಬಂದಿತು. ಅದಕ್ಕೆ ಮುಂಚೆ ವಿಮಾನ ಸಂಸ್ಥೆಯ ಖಾತೆಗೆ ಸೇರಿದ್ದ ಮೈಲಿಗಳನ್ನು ಕೂಡಿಸಿ ನೋಡಿದಾಗ, ತೆರಿಗೆಯನ್ನು ಬೇರೆಯಾಗಿ ಕಟ್ಟಿದರೆ ಒಂದು ಕಡೆಯ ಟಿಕೆಟ್ಟಿಗೆ ಸಾಕಾಗುವಷ್ಟಿದ್ದವು. ಅದನ್ನು ಅತ್ತಿಗೆಯವರ ಹೆಸರಿನಲ್ಲಿ ದೀಪಾವಳಿಗೆ ತೆಗೆಸಿದೆವು.