ತಲೆಕೆಳಗಾದ ಬಾವುಟ

2022ರ ಬೇಸಿಗೆಯಲ್ಲಿ ನೆದರ್ಲೆಂಡ್ಸ್‌ನ ಹಳ್ಳಿ ರಸ್ತೆಗಳ ದೀಪದ ಕಂಬಗಳಲ್ಲಿ, ಹೆದ್ದಾರಿಯ ಮೇಲ್ಸೇತುವೆಗಳಲ್ಲಿ ರಾಷ್ಟ್ರಧ್ವಜ ತಲೆಕೆಳಗಾಗಿ ಹಾರಿತು: ನೀಲಿ ಮೇಲೆ, ಕೆಂಪು ಕೆಳಗೆ. ಕಟ್ಟಿದವರು ರೈತರು, ಅದರಲ್ಲೂ ಹೈನುಗಾರರು. ಹೆಚ್ಚಾಗಿ ದನಗಳ ಸಗಣಿ–ಗಂಜಲದಿಂದ ಬರುವ ಸಾರಜನಕ ಮಾಲಿನ್ಯವನ್ನು 2030ರೊಳಗೆ ಅರ್ಧಕ್ಕಿಳಿಸುವ ಸರ್ಕಾರದ ಯೋಜನೆಯಿಂದ ಕೊಟ್ಟಿಗೆಗಳೇ ಖಾಲಿಯಾಗುತ್ತವೆಂಬ ಭಯ ಅವರದು. ತಿರುಗಿಸಿ ಕಟ್ಟಿದ ಬಾವುಟ ನಾವಿಕರ ಪಾಲಿಗೆ ಅಪಾಯದ ಕರೆ. ರೈತರು ಅದನ್ನೇ ನೆಲಕ್ಕೆ ತಂದರು.

ಅನೇಕರಿಗೆ ನೋವಾಯಿತು, ನಿಜ. ಆದರೆ ಸ್ವಂತ ರಾಷ್ಟ್ರಧ್ವಜದ ಅವಮಾನವನ್ನೇ ಅಪರಾಧವೆನ್ನುವ ಕಾನೂನು ಅಲ್ಲಿಲ್ಲ. ಹೆದ್ದಾರಿ ಇಲಾಖೆ ಬಾವುಟಗಳನ್ನು ಬಿಚ್ಚಿಸಿದ್ದು ಸಂಚಾರ ಸುರಕ್ಷತೆಯ ಕಾರಣಕ್ಕೆ. ಸಿಟ್ಟು ಮತಪೆಟ್ಟಿಗೆಗೆ ಹರಿಯಿತು: 2023ರ ಮಾರ್ಚ್‌ನ ಪ್ರಾಂತೀಯ ಚುನಾವಣೆಯಲ್ಲಿ ರೈತ–ನಾಗರಿಕ ಚಳವಳಿ ಪಕ್ಷ ಮೊದಲ ಸ್ಥಾನಕ್ಕೇರಿತು.

ನಮ್ಮಲ್ಲಾದರೆ, ಬೇಕೆಂದೇ ಕೇಸರಿ ಕೆಳಗಾಗುವಂತೆ ಬಾವುಟ ಹಾರಿಸಿದವರಿಗೆ 1971ರ ರಾಷ್ಟ್ರ ಗೌರವ ಕಾಯ್ದೆಯಡಿ 3 ವರ್ಷದವರೆಗೆ ಸೆರೆವಾಸ. ಬಾವುಟದ ಬೆಲೆ ಕನ್ನಡಿಗರಿಗೆ ಗೊತ್ತು. 1938ರಲ್ಲಿ ಮೈಸೂರು ಸರ್ಕಾರದ ನಿಷೇಧ ಮೀರಿ ಶಿವಪುರದಲ್ಲಿ ತ್ರಿವರ್ಣ ಏರಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದ ಜನ ಪೊಲೀಸರ ಗುಂಡಿಗೆ ಬಲಿಯಾದರು. ಅಂದು ಪ್ರಭುತ್ವಕ್ಕೆ ಎದುರಾಗಿ ಜನ ಆಡಿದ ಮಾತೇ ಆ ಬಾವುಟ. ಹೊಟ್ಟೆಗೆ ಏಟು ಬಿದ್ದು ಕೂಗುವ ರೈತನನ್ನೂ ದ್ವೇಷದಿಂದ ಬಾವುಟ ತುಳಿಯುವವನನ್ನೂ ಒಂದೇ ಕಲಮಿನಡಿ ನಿಲ್ಲಿಸುವುದು ಅನ್ಯಾಯ. ಶಾಂತಿಯುತ ಪ್ರತಿಭಟನೆಗೆ ಸೆರೆವಾಸ ವಿಧಿಸುವ ಅವಕಾಶವನ್ನು ಸಂಸತ್ತು ಈ ಕಾಯ್ದೆಯಿಂದ ತೆಗೆಯಬೇಕು.