ಅಡುಗೆಮನೆಯ ಆರೈಕೆ ಸಾಕು, ಬಿಳುಪಿನ ಭ್ರಮೆ ಬೇಡ

ದೇಹದ ಶುಚಿತ್ವ ಹಾಗೂ ಕೇಶದ ಆರೈಕೆಗೆ ಹೆಚ್ಚಿನ ಹಣ ಬೇಕಾಗಿಲ್ಲ. ಸೀಗೆಕಾಯಿ, ಅಂಟುವಾಳ, ಮೆಂತ್ಯ, ಕಡಲೆಹಿಟ್ಟು, ಕೊಬ್ಬರಿ ಎಣ್ಣೆ, ಹಿತ್ತಲಿನ ದಾಸವಾಳ ಇವಿಷ್ಟಿದ್ದರೆ ಒಂದು ಕುಟುಂಬದ ಅಗತ್ಯ ಬಹುಮಟ್ಟಿಗೆ ಪೂರೈಸುತ್ತದೆ. ಆದರೆ ಮನೆಮದ್ದಿನ ಹೆಸರಿನಲ್ಲಿ ಇಂದು ಮೊಬೈಲ್ ಫೋನುಗಳಲ್ಲಿ ಹರಿದಾಡುವ ಸಲಹೆಗಳೆಲ್ಲ ಹಿತಕರವಲ್ಲ. ಈ ವಸ್ತುಗಳನ್ನು ಶುಚಿಗಾಗಿ ಬಳಸುವುದು ವಿವೇಕ. ಹುಟ್ಟಿನಿಂದ ಬಂದ ಮೈಬಣ್ಣವನ್ನೇ ಬದಲಿಸಲು ಬಳಸುವುದು ಅವಿವೇಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕೂದಲಿನ ವಿಚಾರ. ಸೀಗೆಕಾಯಿ ಮತ್ತು ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆಕಾರಕ ಅಂಶವಿದೆ. ಅದು ಜಿಡ್ಡನ್ನು ಹಿಡಿದು ನೀರಿನೊಂದಿಗೆ ಹೊರಹಾಕುತ್ತದೆ. ಸ್ನಾನದ ಸಾಬೂನು ಕ್ಷಾರೀಯವಾದುದರಿಂದ ಕೂದಲನ್ನು ಒರಟಾಗಿಸುತ್ತದೆ. ಸೀಗೆಕಾಯಿ ಅಲ್ಪ ಆಮ್ಲೀಯವಾದುದರಿಂದ ಅಂತಹ ತೊಂದರೆ ಕಡಿಮೆ. ಎಂಟು ಹತ್ತು ಒಣ ಸೀಗೆಕಾಯಿ, ಬೀಜ ತೆಗೆದ ಐದಾರು ಅಂಟುವಾಳ ಹಾಗೂ ಒಂದು ಚಮಚ ಮೆಂತ್ಯವನ್ನು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕುದಿಸಿ, ಆರಿದ ಬಳಿಕ ಕಿವುಚಿ ತೆಳುಬಟ್ಟೆಯಲ್ಲಿ ಸೋಸಿದರೆ ತಲೆಸ್ನಾನಕ್ಕೆ ಸಿದ್ಧ. ಇದು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಮಕ್ಕಳ ವಿಷಯದಲ್ಲಿ ಎಚ್ಚರವಿರಲಿ. ಸ್ನಾನದ ಕೊನೆಗೆ ದಾಸವಾಳದ ಎಲೆಗಳನ್ನು ನೀರಿನಲ್ಲಿ ಹಿಸುಕಿ ತೆಗೆದ ಲೋಳೆಯನ್ನು ಹಚ್ಚಿ ತೊಳೆದರೆ ಸಿಕ್ಕು ಸುಲಭವಾಗಿ ಬಿಡುತ್ತದೆ.

ಕೊಬ್ಬರಿ ಎಣ್ಣೆಯ ಮಹತ್ವವನ್ನು ವಿಜ್ಞಾನವೂ ಒಪ್ಪಿದೆ. ಅದರಲ್ಲಿರುವ ಲಾರಿಕ್ ಆಮ್ಲವು ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ. ಸ್ನಾನಕ್ಕೆ ಮುನ್ನ ಹಚ್ಚಿದರೆ ಇದರ ಪ್ರಯೋಜನ ಅಧಿಕ. ಆದರೆ ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಸುರಿಯಬಾರದು. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ.

ಮುಖಕ್ಕೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟನ್ನು ಮೊಸರಿನಲ್ಲಿ ಕಲಸಿ, ಮೃದುವಾಗಿ ಸವರಿ ತೊಳೆದರೆ ಸಾಕು. ಉಜ್ಜಿದಷ್ಟೂ ಒಳ್ಳೆಯದೆಂಬ ನಂಬಿಕೆ ಸಲ್ಲದು. ಎಳೆಗೂಸಿನ ಮೈರೋಮ ಹೋಗಲೆಂದು ಹಿಟ್ಟಿನಿಂದ ತಿಕ್ಕುವ ಪದ್ಧತಿಯನ್ನಂತೂ ಕೈಬಿಡಬೇಕು. ಆ ರೋಮ ತಾನಾಗಿಯೇ ಉದುರುತ್ತದೆ. ತಿಕ್ಕಿದರೆ ಮಗುವಿನ ಕೋಮಲ ಚರ್ಮ ತರಚಿ ಸೋಂಕಿಗೆ ದಾರಿಯಾಗುತ್ತದೆ.

ನಿಂಬೆರಸ ಮತ್ತು ಅಡುಗೆ ಸೋಡಾವನ್ನು ಮುಖಕ್ಕೆ ಹಚ್ಚುವ ಸಲಹೆ ಇನ್ನೂ ಅಪಾಯಕರ. ಆರೋಗ್ಯವಂತ ಚರ್ಮ ಅಲ್ಪ ಆಮ್ಲೀಯವಾಗಿದ್ದು, ಅದರ ಪಿಎಚ್ ಮಟ್ಟ ಸುಮಾರು 5. ನಿಂಬೆರಸದ್ದು ಸುಮಾರು 2, ಸೋಡಾದ್ದು 8ಕ್ಕೂ ಮೇಲು. ಒಂದು ಚರ್ಮವನ್ನು ಸುಡುತ್ತದೆ, ಇನ್ನೊಂದು ಅದರ ರಕ್ಷಾಕವಚವನ್ನು ಕೆಡಿಸುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು, ತಿಂಗಳುಗಟ್ಟಲೆ ಮಾಯದ ಕಪ್ಪು ಕಲೆ ಉಳಿಯಬಹುದು. ಬಿಳುಪಾಗಲೆಂದು ಹಚ್ಚಿದ್ದೇ ಕಪ್ಪು ಮಾಡುತ್ತದೆ.

ಈ ಬಿಳುಪಿನ ಹಂಬಲವೇ ಸಮಸ್ಯೆಯ ಮೂಲ. ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್, ಸೂರ್ಯನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವ ಪ್ರಕೃತಿಯ ಕೊಡೆ. 1975ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಪ್ರಸಿದ್ಧ ಮುಲಾಮೊಂದು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದುಹಾಕಿತು. ಹೆಸರು ಬದಲಾಯಿತು, ವಧುಪರೀಕ್ಷೆಯ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಇನ್ನೂ ಬದಲಾಗಿಲ್ಲ. ವಿಳಾಸವಿಲ್ಲದ ಕೆಲವು ಬಿಳುಪಿನ ಮುಲಾಮುಗಳಲ್ಲಿ ಪಾದರಸವಿರುತ್ತದೆ. ಅದು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಕಪ್ಪಗಿರುವ ಮಗಳಿಗೆ ಚಿಕ್ಕಂದಿನಿಂದಲೇ ಲೇಪನ ಹಚ್ಚುತ್ತ ಬಂದರೆ, ನೀನು ಇರುವಂತೆ ಸಾಲದು ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಆ ಗಾಯಕ್ಕೆ ಯಾವ ಮನೆಮದ್ದೂ ಇಲ್ಲ.

ಕೂದಲು ಉದುರುವಿಕೆಯಲ್ಲಿಯೂ ಇದೇ ವಿವೇಕ ಬೇಕು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕಿಂತ ಹೆಚ್ಚಾಗಿ ಉದುರುತ್ತಿದ್ದರೆ, ಅಥವಾ ದಣಿವು, ಏದುಸಿರು ಜೊತೆಗಿದ್ದರೆ ಎಣ್ಣೆ ಬದಲಿಸುತ್ತ ಕಾಲ ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ದೋಷಗಳು ಕೂದಲು ಉದುರಲು ಪ್ರಮುಖ ಕಾರಣಗಳು. ಇವಕ್ಕೆ ಮದ್ದು ಹೊರಲೇಪನದಲ್ಲಿಲ್ಲ. ಸೊಪ್ಪು, ಕಾಳು, ರಾಗಿಗಳ ಊಟದಲ್ಲಿ ಮತ್ತು ವೈದ್ಯರ ಸಲಹೆಯಲ್ಲಿದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಮನೆಯವರು ಇನ್ನೂ ಹೆಚ್ಚು ಗಮನಿಸಬೇಕು.

ಹೊಸದಾಗಿ ಏನನ್ನೇ ಬಳಸುವ ಮುನ್ನ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಕಲಸಿದ್ದನ್ನು ಅಂದೇ ಬಳಸಿ, ಉಳಿದದ್ದನ್ನು ಚೆಲ್ಲಿಬಿಡಿ. ತಲೆಗೆ ಮದರಂಗಿ ಹಚ್ಚುವವರು ಶುದ್ಧ ಎಲೆಯ ಪುಡಿಯನ್ನೇ ಆರಿಸಿಕೊಳ್ಳಿ. ಕಡುಗಪ್ಪು ಬಣ್ಣ ಕೊಡುವ ಮದರಂಗಿಯಲ್ಲಿ ತೀವ್ರ ಅಲರ್ಜಿ ತರುವ ರಾಸಾಯನಿಕ ಬೆರೆತಿರುತ್ತದೆ.

ಶುಚಿಯಾದ ದೇಹ, ಹಿತಮಿತವಾದ ಆಹಾರ, ಸಾಕಷ್ಟು ನಿದ್ರೆ ಇವುಗಳಿಂದ ಬರುವ ಕಾಂತಿ ಎಲ್ಲ ಮೈಬಣ್ಣಕ್ಕೂ ಒಪ್ಪುತ್ತದೆ. ಬಿಳುಪಿನ ಮುಲಾಮಿಗೆ ವ್ಯಯಿಸುವ ಹಣದಲ್ಲಿ ಹಣ್ಣು, ಸೊಪ್ಪು, ಕಾಳುಗಳನ್ನು ಮನೆಗೆ ತಂದರೆ ಅದರ ಫಲ ಮನೆಮಂದಿಯ ಮುಖದಲ್ಲಿಯೇ ಕಾಣುತ್ತದೆ.