ಎಲ್ಲದಕ್ಕೂ ಶಾಕ್ ಆದ್ರೆ ಹೇಗೆ?

ಇಂಟರ್ನಲ್ಸ್ ಮಾರ್ಕ್ಸ್ ಬಂತು, ಶಾಕ್. ಕ್ಯಾಂಟೀನಲ್ಲಿ ದೋಸೆಗೆ ಐದು ರೂಪಾಯಿ ಏರಿತು, ಶಾಕ್. ಹೆಚ್‌ಓಡಿ ನಕ್ಕರು, ಅದಂತೂ ದೊಡ್ಡ ಶಾಕ್!

ಇಂಗ್ಲಿಷಿನಲ್ಲಿ ಈ ಪದಕ್ಕೆ ಮೊದಲು ಒಳ್ಳೆ ತೂಕ ಇತ್ತು. ಎರಡು ಸೇನೆಗಳು ಎದುರುಬದುರು ಡಿಕ್ಕಿ ಹೊಡೆಯೋದಕ್ಕೆ ಶಾಕ್ ಅಂತಿದ್ರು. 1746ರ ಹೊತ್ತಿಗೆ ಲೈಡನ್ ಊರಿನ ಮುಶೆನ್‌ಬ್ರೂಕ್ ಗಾಜಿನ ಜಾಡಿಯಲ್ಲಿ ಚಾರ್ಜ್ ಕೂಡಿಟ್ಟು (ನಮ್ಮ ಕೆಪಾಸಿಟರ್‌ನ ಮುತ್ತಜ್ಜ) ಹೊಡೆಸಿಕೊಂಡ ಕಾಲದಲ್ಲಿ ಅದು ಕರೆಂಟಿಗೂ ಅಂಟಿತು. 1915ರಲ್ಲಿ ಡಾಕ್ಟರ್ ಚಾರ್ಲ್ಸ್ ಮೈಯರ್ಸ್ ಯುದ್ಧದಲ್ಲಿ ಕುಸಿದ ಸೈನಿಕರ ಸ್ಥಿತಿಯನ್ನ 'ಶೆಲ್ ಶಾಕ್' ಅಂತ ಬರೆದರು. ಈಗ ಅಂಗಡಿಯ ಬಿಲ್ ನೋಡಿದ್ರೂ ಶಾಕ್.

ಇಂಗ್ಲಿಷ್ ಮೀಡಿಯಮ್ಮಿನ ನಮಗೆ ಇದೊಂದೇ ಪದ ಸುಲಭ. ಮನೇಲಿ ಅಜ್ಜಿ ಹಾಗಲ್ಲ. ಪಟಾಕಿ ಸದ್ದಿಗೆ ಬೆಚ್ಚಿಬೀಳ್ತಾರೆ, ಹಾವು ಕಂಡ್ರೆ ಎದೆ ಝಲ್ ಅನ್ನುತ್ತೆ, ಕೆಟ್ಟ ಸುದ್ದಿ ಬಂದ್ರೆ ಬರಸಿಡಿಲು ಬಡಿದ ಹಾಗಾಗುತ್ತೆ, ಮಾತೇ ಹೊರಡದೆ ಕೂತವರು ಗರಬಡಿದವರು. ಒಂದೊಂದೂ ಬೇರೆ ಬೇರೆ ಅನುಭವ. ಶಾಕ್ ಬಿಟ್ಟುಬಿಡಿ ಅಂತ ಅಲ್ಲ, ಲ್ಯಾಬಿನಲ್ಲಿ 230 ವೋಲ್ಟ್ ಹೊಡೆದ್ರೆ ಧಾರಾಳವಾಗಿ ಹೇಳಿ. ದೋಸೆಗೆ ಬೇಡ ಅನ್ನೋದಷ್ಟೇ ನಮ್ಮ ತಕರಾರು.

ಯಾಕೆ ಅಂದ್ರೆ, ಹೋದ ಸೆಮಿಸ್ಟರ್ ನಮ್ಮ ಕ್ಲಾಸಿನ ಗೆಳೆಯನೊಬ್ಬನ ಅಪ್ಪ ತೀರಿಕೊಂಡ್ರು. ಗ್ರೂಪಿನಲ್ಲಿ ನಾವೆಲ್ಲ ಬರೆದದ್ದು 'ಶಾಕ್ ಆಯ್ತು ಮಗಾ'. ಸ್ವಲ್ಪ ಮೇಲೆ ದೋಸೆ ರೇಟಿಗೂ ಅದನ್ನೇ ಬರೆದಿದ್ವಿ. ಕಾರ್ಯ ಎಲ್ಲ ಮುಗಿಸಿ ಅವನು ವಾಪಸ್ ಬಂದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ. ಸುಮ್ಮನೆ ಹೋಗಿ ಪಕ್ಕದಲ್ಲಿ ಕೂತ್ವಿ.